ಕಂದು ಬೂಟಿನವನ ಪಾಲಿನ ಗೋಧಿ

"ಬೂಟು ನನ್ನದಲ್ಲಕ್ಕಾ, ಯಾರೋ ತೀರಿಕೊಂಡವರದ್ದಿರಬೇಕು. ಆದ್ರೆ ಎಷ್ಟು ಬೆಚ್ಚಗಿದೆ ಅಂತೀಯಾ!"

ಹೀಗೆಂದವನು ಗಿನ್ಕಾಳ ಕಿಟಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ಕೇಳಿದ್ದ. ಗಿನ್ಕಾ ಪೊಟ್ಟಣವನ್ನು ಕೊಡುವುದು ಮರೆತು ಅವನ ಕಾಲನ್ನೇ ನೋಡುತ್ತಿದ್ದಳು. ಕಂದು ಬಣ್ಣದ, ದಪ್ಪ ಅಟ್ಟೆಯ ಬೂಟು. ಬಲಗಾಲಿನ ಮೂತಿಯ ಹತ್ತಿರ ಹಳದಿ ದಾರದಲ್ಲಿ ಹೊಲಿಗೆ ಹಾಕಿತ್ತು. ಆ ಹೊಲಿಗೆ ಅವಳಿಗೆ ತನ್ನ ಅಂಗೈಯ ಗೆರೆಯಷ್ಟೇ ಪರಿಚಯ.

"ಎಲ್ಲಿ ಸಿಕ್ತಪ್ಪಾ ಇದು?"

"ರಾಯ್ನಕ್ಕನ ಬಟ್ಟೆ ಕೋಣೇಲಿ. ಯಾಕೆ, ನಿನ್ನ ಗಂಡಂದಾ?" ಅವನು ನಕ್ಕ. "ಬೇಕಾದ್ರೆ ಒಂದನ್ನ ವಾಪಸ್ ತಗೋ. ಎಡಗಾಲಿಂದು ಸ್ವಲ್ಪ ಕಚ್ಚುತ್ತೆ."

"ನನ್ನ ಗಂಡ ಹದಿನಾರು ವರ್ಷದ ಹಿಂದೆ ಚಪ್ಪಲಿ ಹಾಕ್ಕೊಂಡೇ ಓಡಿಹೋದ. ಬೇಸಿಗೆ ಆಗ," ಎಂದಳು ಗಿನ್ಕಾ. ಪೊಟ್ಟಣ ಕೊಟ್ಟಳು. ಬೂಟು ಎರಡು ಹೆಜ್ಜೆ ಇಟ್ಟು, ಕಿಟಕಿಯ ಎಡ ಅಂಚಿನಲ್ಲಿ ಮಾಯವಾಯಿತು.

ಅವಳ ಅಂಗಡಿ ಇಪ್ಪತ್ತನೇ ಬ್ಲಾಕಿನ ನೆಲಮಾಳಿಗೆಯಲ್ಲಿತ್ತು. ಊರೆಲ್ಲ ಸಾಲುಸಾಲಾಗಿ ಎಂಟಂತಸ್ತಿನ ಬ್ಲಾಕುಗಳಿರುವ ಸೋಫಿಯಾ ನಗರದ ಆ ಹೊರಬಡಾವಣೆಯಲ್ಲಿ ಒಂದು ಕಾಲಕ್ಕೆ ಇಂಥ ಅಂಗಡಿಗಳು ಹತ್ತೊಂಬತ್ತಿದ್ದವು. ಈಗ ಉಳಿದಿದ್ದು ಎರಡು: ಇವಳದು, ಪಕ್ಕದ ಚಪ್ಪಲಿ ರಿಪೇರಿಯ ಸ್ಲಾವ್ಚೊನದು. ಕಿಟಕಿ ಕಾಲುದಾರಿಯ ಮಟ್ಟಕ್ಕೆ ಇತ್ತು. ಗಿರಾಕಿ ಕುಕ್ಕರು ಕೂತು ಕೈ ಒಳಗೆ ಚಾಚಬೇಕು. ಒಳಗಿರುವ ಗಿನ್ಕಾಳಿಗೆ ನಿಂತವರ ಮೊಣಕಾಲಿನವರೆಗೆ ಕಾಣುತ್ತದೆ. ಕೂತರೆ ಕೈ ಕಾಣುತ್ತದೆ, ಗದ್ದ ಕಾಣುತ್ತದೆ. ಮುಖ ಮಾತ್ರ ಬೆಳಕಿಗೆ ಬೆನ್ನು ಹಾಕಿ ಕಪ್ಪಗಿರುತ್ತದೆ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಅವಳು ಬಡಾವಣೆಯ ಜನರನ್ನು ಕಾಲಿನಿಂದ ಗುರುತು ಹಿಡಿಯುತ್ತಿದ್ದಳು. ಯಾವ ಹುಡುಗಿ ಬಸುರಿಯಾಗಿ ಎತ್ತರ ಹಿಮ್ಮಡಿಯ ಚಪ್ಪಲಿ ಬಿಟ್ಟಳು, ಯಾರ ಕುಡಿತ ಹೆಚ್ಚಾಗಿ ಬೂಟಿನ ದಾರ ಕಟ್ಟುವುದು ನಿಂತಿತು, ಎಲ್ಲವೂ ಅವಳಿಗೆ ಅವರ ಮನೆಯವರಿಗಿಂತ ಮುಂಚೆ ತಿಳಿಯುತ್ತಿತ್ತು. ಅದೇ ಜನ ಬಸ್ಸಿನಲ್ಲಿ ಎದುರಿಗೆ ಕೂತರೆ ಒಬ್ಬರೂ ಗೊತ್ತಾಗುತ್ತಿರಲಿಲ್ಲ.

ಆ ಬೂಟಿನ ಮೊದಲಿನ ಒಡೆಯ, ಅವಳ ಮಟ್ಟಿಗೆ 'ಕಂದು ಬೂಟಿನವನು', ಬರುತ್ತಿದ್ದುದು ಸಂಜೆ ಆರೂಕಾಲಿಗೆ. ಅರ್ಧ ಬ್ರೆಡ್ಡು, ಒಂದು ಬಾಟಲಿ ಮಜ್ಜಿಗೆ. ಅದನ್ನು ಕೊಂಡು ಹೊರಟುಬಿಡಬಹುದಿತ್ತಲ್ಲ, ಹೊರಡುತ್ತಿರಲಿಲ್ಲ. ಕೂತಲ್ಲೇ ವಿತೋಶಾ ಬೆಟ್ಟದ ಸುದ್ದಿ ಹೇಳುತ್ತಿದ್ದ. ಬೆಟ್ಟ ಅಲ್ಲಿಂದ ಕಾಣುವುದಿಲ್ಲ, ಹದಿನೆಂಟನೇ ಬ್ಲಾಕು ಅಡ್ಡ. ಟ್ರಾಮ್ ಇಳಿಯುವ ಕಡೆ ಮಾತ್ರ ಒಂದು ಸಂದಿಯಿದೆ. ಅಲ್ಲಿ ನಿಂತು ನೋಡಿ, ನೋಡಿದ್ದನ್ನು ಇಲ್ಲಿಗೆ ತಂದು ಹೇಳುತ್ತಿದ್ದ.

"ಇವತ್ತು ಮೋಡದ ಟೋಪಿ ಹಾಕ್ಕೊಂಡು ಕೂತಿದೆ, ಯಾರನ್ನೂ ಮಾತಾಡಿಸ್ತಿಲ್ಲ."

"ನಿಮ್ಮನ್ನೂನಾ?"

"ನನ್ನನ್ನ ನೋಡಿ ಇನ್ನೂ ಕೆಳಗೆ ಎಳ್ಕೊಳ್ತು."

ಇಷ್ಟೇ. ಕೆಲವು ದಿನ ಇದಕ್ಕೂ ಕಡಿಮೆ. ಗಿನ್ಕಾ ಬೆಳಗಿನ ಏಳಕ್ಕೆ ಕೆಳಗಿಳಿದರೆ ರಾತ್ರಿ ಒಂಬತ್ತಕ್ಕೆ ಮೇಲೆ ಹತ್ತುವವಳು. ನಡುವೆ ಅವಳ ಜೊತೆ ಮಾತಾಡಿದವರೆಲ್ಲ ಏನಾದರೂ ಬೇಕಾಗಿ ಮಾತಾಡಿದವರು. ಬೇಕಾದ್ದು ಕೈಗೆ ಬಂದ ಮೇಲೂ ಕೂತು ಮಾತಾಡಿದವನು ಅವನೊಬ್ಬನೇ. ಹೆಸರು ಕೇಳಿರಲಿಲ್ಲ. ಆರು ವರ್ಷ ಮಾತಾಡಿದ ಮೇಲೆ ಹೆಸರು ಕೇಳುವುದು ಹೇಗೆ, ನಾಚಿಕೆಯಲ್ಲವೇ?

ಆಗಸ್ಟಿನ ಕೊನೆಯ ವಾರದಿಂದ ಅವನು ಬಂದಿರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡಳು. ಸೆಪ್ಟೆಂಬರಿನಲ್ಲಿ ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಟ್ಟು ಕೂಡಿಡುವ ಕಾಲ, ಎಲ್ಲರೂ ಊರಿಗೆ ಹೋಗುತ್ತಾರೆ. ಅಕ್ಟೋಬರಿಗೆ ಆ ಸಮಾಧಾನ ಸವೆಯಿತು. ಈಗ ನವೆಂಬರು. ಬೂಟು ಬಂತು, ಅವನಿಲ್ಲದೆ.

"ನಿನ್ನ ಹೊಲಿಗೇನೇ ಅಲ್ವಾ ಅದು?" ಎಂದು ಅವಳು ಸ್ಲಾವ್ಚೊನ ಕೋಣೆಗೆ ಹೋಗಿ ಕೇಳಿದಳು.

"ಬಲಗಾಲು, ಹಳದಿ ದಾರ? ನಂದೇ. ಕಂದು ದಾರ ಮುಗಿದಿತ್ತು, ಅವರು ಪರವಾಗಿಲ್ಲ ಹಾಕು ಅಂದ್ರು." ಸ್ಲಾವ್ಚೊ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿದ. "ಒಳ್ಳೆ ಮನುಷ್ಯ. ಬೈದು ಹಣ ಕಡಿಮೆ ಮಾಡಿಸ್ಲಿಲ್ಲ."

"ಹೆಸರೇನು?"

"ಹೆಸರು ಹೊಲೀತೀನಾ ನಾನು? ಬೂಟು ಹೊಲೀತೀನಿ." ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. "ಗಿನ್ಕಕ್ಕ, ಬದುಕಿರೋ ಗಂಡಸು ಚಳಿಗಾಲ ಬರೋ ಹೊತ್ತಿಗೆ ಗಟ್ಟಿ ಬೂಟು ಯಾರಿಗಾದ್ರೂ ಕೊಡ್ತಾನಾ? ನಲವತ್ತನೇ ದಿನಕ್ಕೆ ಮನೆಯವರು ಕೊಟ್ಟಿರಬೇಕು. ದೇವರು ಕ್ಷಮಿಸಲಿ."

ಹೌದು, ಅಲ್ಲಿನ ರೂಢಿ ಅದೇ. ಸತ್ತವರ ಬಟ್ಟೆಬರೆಯನ್ನು ನಲವತ್ತು ದಿನ ಕಳೆದ ಮೇಲೆ ಇಲ್ಲದವರಿಗೆ ಕೊಡುತ್ತಾರೆ; ಉಟ್ಟವರು ಬೆಚ್ಚಗಿದ್ದಷ್ಟು ಹೋದವರ ಆತ್ಮಕ್ಕೆ ಹಗುರ ಎಂದು ನಂಬಿಕೆ. ರಾಯ್ನಾ ನಡೆಸುವ ಬಟ್ಟೆ ಕೋಣೆಗೆ ಬರುವುದರಲ್ಲಿ ಮುಕ್ಕಾಲು ಪಾಲು ಹಾಗೆ ಬಂದದ್ದೇ.

ರಾಯ್ನಾ ಬಡಾವಣೆಯ ವಾಚನಾಲಯದ ಕೆಳಗಿನ ಎರಡು ಕೋಣೆಗಳನ್ನು ಬೇಡಿ ಪಡೆದು, ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಬಿಸಿ ಸೂಪು ಇಟ್ಟುಕೊಂಡಿದ್ದಳು. ಬ್ರೆಡ್ಡು ಮೂಲೆಯ ಬೇಕರಿಯವನದು; ತರಕಾರಿ ಸಂತೆಯ ಹೆಂಗಸರದು. ಗಿನ್ಕಾ ವಾರಕ್ಕೊಮ್ಮೆ ಬೇಳೆಕಾಳು ಕಳಿಸುತ್ತಿದ್ದಳು, ತಾನು ಮಾತ್ರ ಹೋದವಳಲ್ಲ. ಅಂಗಡಿ ಬಿಟ್ಟು ಹೋಗುವುದೆಂದರೆ ಅವಳಿಗೆ ಆಗಿಬರುತ್ತಿರಲಿಲ್ಲ. ಗುರುವಾರ ಫೋನ್ ಮಾಡಿದಳು.

"ಯಾರು ತಂದುಕೊಟ್ರು ಅಂತ ನಾನು ಹೇಗೆ ಹೇಳ್ಲಿ ಗಿನ್ಕಾ? ಬೆಳಗ್ಗೆ ಬಾಗಿಲು ತೆಗೆದ್ರೆ ಚೀಲ ಇರುತ್ತೆ. ದಾನ ಕೊಡೋರು ಕಳ್ಳರ ಥರ ಬಂದು ಹೋಗ್ತಾರೆ. ಯಾರು, ನಿನ್ನ ಸಂಬಂಧಿಕರಾ?"

"ಗಿರಾಕಿ," ಎಂದಳು ಗಿನ್ಕಾ. ಹೇಳಿದ ಮೇಲೆ ಆ ಮಾತು ಅವಳಿಗೇ ಬಡವಾಗಿ ಕೇಳಿಸಿತು.

ಬರುವ ಶನಿವಾರ ಸತ್ತವರ ಶನಿವಾರ. ಅಂದು ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟಿನ ಪುಡಿ ಬೆರೆಸಿ, ಸಣ್ಣ ಲೋಟಗಳಲ್ಲಿ ಹಂಚುತ್ತಾರೆ. ತೆಗೆದುಕೊಂಡವರು ಸತ್ತವರಿಗಾಗಿ "ದೇವರು ಕ್ಷಮಿಸಲಿ" ಅನ್ನಬೇಕು, ಯಾರ ಪಾಲಿನದು ಎಂದು ಹೆಸರು ಕೇಳಬೇಕು. ಚರ್ಚಿನಲ್ಲಿ ಪಾದ್ರಿಗೆ ಹೆಸರಿನ ಚೀಟಿಯನ್ನೂ ಕೊಡಬೇಕು. ಹೆಸರಿಲ್ಲದೆ ಗೋಧಿ ಹಂಚುವುದು ವಿಳಾಸವಿಲ್ಲದೆ ಕಾಗದ ಹಾಕಿದ ಹಾಗೆ ಅನ್ನಿಸಿತು ಅವಳಿಗೆ. ಆರು ವರ್ಷ ಬೆಟ್ಟ ಹೊತ್ತು ತಂದ ಮನುಷ್ಯ. ಅವನಿಗೆ ಹಿಂದುಮುಂದಿನವರು ಇದ್ದಾರೋ ಇಲ್ಲವೋ. ಇಲ್ಲದಿದ್ದರೆ, ಒಂದು ಲೋಟ ಗೋಧಿಯೂ ಅವನ ಹೆಸರಲ್ಲಿ ಯಾರ ಬಾಯಿಗೂ ಬೀಳದಿದ್ದರೆ?

ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬ್ಲಾಕುಗಳ ಬಾಗಿಲಿಂದ ಬಾಗಿಲಿಗೆ ಹೋದಳು. ಅಲ್ಲಿ ಯಾರು ಸತ್ತರೂ ಮನೆಯವರು ಫೋಟೋ, ಹೆಸರು, ನಾಲ್ಕು ಸಾಲು ಅಚ್ಚು ಹಾಕಿಸಿದ ಹಾಳೆಯನ್ನು ಬಾಗಿಲಿಗೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರೆ. ಆಗಸ್ಟಿನಿಂದ ಈಚೆಗೆ ಹೋದ, ಎಪ್ಪತ್ತರ ಆಜುಬಾಜಿನ ಗಂಡಸರು ಒಂಬತ್ತು ಮಂದಿ ಸಿಕ್ಕರು. ಒಂಬತ್ತೂ ಮುಖ ಅವಳನ್ನು ನೋಡಿದವು. ಅವಳಿಗೆ ಒಂದೂ ಗೊತ್ತಾಗಲಿಲ್ಲ. ಕಾಲಿನ ಫೋಟೋ ಯಾರು ಹಾಕಿಸುತ್ತಾರೆ!

ಇಪ್ಪತ್ಮೂರನೇ ಬ್ಲಾಕಿನ ಬಾಗಿಲಲ್ಲಿ ತುಂಬ ಹೊತ್ತು ನಿಂತಳು. ಅಲ್ಲಿದ್ದವನಿಗೆ ಗದ್ದದ ನಡುವೆ ಸಣ್ಣ ಗುಳಿ ಇತ್ತು. ಕಂದು ಬೂಟಿನವನಿಗೂ ಇತ್ತಲ್ಲವೇ? ಇತ್ತು ಎಂದೇ ಅನ್ನಿಸಿತು. ಕೆಳಗೆ ಹೆಸರು: ಯೊರ್ದಾನ್. ಆ ಹೆಸರನ್ನು ಎರಡು ಸಲ ಮೆಲ್ಲಗೆ ಹೇಳಿ ನೋಡಿದಳು. ಹೆಸರಿಗೂ ಬೂಟಿಗೂ ಹೊಂದುತ್ತಿತ್ತು. ಕಣ್ಣು ಒದ್ದೆಯಾಯಿತು. ಅಂಗಡಿಗೆ ಬಂದು ಎರಡು ಕಿಲೋ ಗೋಧಿ ನೆನೆಹಾಕಿದಳು.

ಶನಿವಾರ ಸ್ಲಾವ್ಚೊನನ್ನು ಕಿಟಕಿಗೆ ಕೂರಿಸಿ, "ಸಿಗರೇಟು ಸಾಲ ಕೊಡಬೇಡ" ಎಂದು ಎಚ್ಚರ ಹೇಳಿ, ಚರ್ಚಿಗೆ ಹೋದಳು. ಪಾದ್ರಿ ಒಂದೇ ಉಸಿರಿಗೆ ಓದಿದ ಇನ್ನೂರು ಹೆಸರುಗಳಲ್ಲಿ ಯೊರ್ದಾನ್ ಎನ್ನುವುದೂ ಹಾದುಹೋಯಿತು. ಮಧ್ಯಾಹ್ನಕ್ಕೆ ಗೋಧಿಯ ಬೋಗುಣಿ ಹಿಡಿದು ವಾಚನಾಲಯಕ್ಕೆ ಬಂದಳು. ಸೂಪಿನ ಸರದಿ ಅಂಗಳದವರೆಗೆ ಇತ್ತು.

"ಅಯ್ಯೋ, ನೆಲದೊಳಗಿಂದ ಎದ್ದು ಬಂದ್ಯಲ್ಲೇ!" ರಾಯ್ನಾ ಅವಳನ್ನು ಅಪ್ಪಿಕೊಂಡಳು. "ಅಲ್ಲಿ ಬಾಗಿಲ ಹತ್ರ ನಿಂತ್ಕೋ. ಒಂದೊಂದು ಲೋಟ ಕೊಡ್ತಾ ಹೋಗು."

ಗಿನ್ಕಾ ಕೊಡುತ್ತಾ ಹೋದಳು. ಮುಖಗಳು ಬಂದವು, ಹೋದವು. ಅವಳು ಅಭ್ಯಾಸಬಲದಿಂದ ಕೆಳಗೆ ಕಾಲು ನೋಡಿ, ಆಹಾ ಇವಳು ಚೂಯಿಂಗ್ ಗಮ್ ಕೊಳ್ಳುವವಳು, ಇವನು ಪ್ರತಿ ಸೋಮವಾರ ಬೆಂಕಿಪೊಟ್ಟಣ, ಎಂದು ಗುರುತು ಹಿಡಿಯುತ್ತಿದ್ದಳು. ಅವರು ಇವಳನ್ನು ಗುರುತು ಹಿಡಿಯಲಿಲ್ಲ. ಒಬ್ಬಾಕೆ ಕೇಳಿಯೇಬಿಟ್ಟಳು: "ನೀವು ಈ ಕಡೆಯವರಾ?"

ಆಮೇಲೆ ಒಂದು ಊರುಗೋಲು ಬಂತು. ಅದರ ಹಿಂದೆ ದಾರವಿಲ್ಲದ, ಹೊಸ, ಬೂದು ಬಣ್ಣದ ಪಾದರಕ್ಷೆ. ಅವಳಿಗೆ ಪರಿಚಯವಿಲ್ಲದ್ದು.

"ದೇವರು ಕ್ಷಮಿಸಲಿ," ಎಂದು ಊರುಗೋಲಿನವರು ಲೋಟ ತಗೊಂಡರು. "ಯಾರ ಪಾಲಿಂದು?"

"ಯೊರ್ದಾನ್ ಅವರದು. ಇಪ್ಪತ್ಮೂರನೇ ಬ್ಲಾಕು."

"ಯೊರ್ದಾನಾ? ಆ ಜಗಳಗಂಟನಾ?" ಚಮಚ ಬಾಯಿಯ ಹತ್ತಿರ ನಿಂತಿತು. "ಲಿಫ್ಟಿಗೆ ಬೀಗ ಹಾಕ್ತಿದ್ದ ಪುಣ್ಯಾತ್ಮ ಅವನು. ಇರ್ಲಿ ಬಿಡಿ. ಅವನಿಗೂ ಗೋಧಿ ಹಂಚೋರು ಒಬ್ರು ಸಿಕ್ಕಿದ್ರಲ್ಲ. ಇವತ್ತು ಬೆಟ್ಟ ಕೂಡ ಟೋಪಿ ತೆಗ್ದಿರುತ್ತೆ."

ಗಿನ್ಕಾ ತಟ್ಟನೆ ತಲೆಯೆತ್ತಿದಳು. ಮುಖ ನೋಡಿದಳು: ಉದ್ದ ಮೂಗು, ಬಿಳಿ ಹುಬ್ಬು, ಗದ್ದದಲ್ಲಿ ಗುಳಿಯೂ ಇಲ್ಲ ಏನೂ ಇಲ್ಲ. ಮುಖ ಯಾರದೋ. ಆದರೆ ದನಿ...

"ಅರ್ಧ ಬ್ರೆಡ್ಡು," ಎಂದಳು. "ಒಂದು ಬಾಟಲಿ ಮಜ್ಜಿಗೆ."

ಅವರು ಅಗಿಯುವುದು ನಿಲ್ಲಿಸಿದರು. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಕಿಟಕಿಯವಳು! ಅಯ್ಯಯ್ಯೋ, ನೀನು ಇಷ್ಟು ಉದ್ದ ಇದ್ದೀಯಾ?"

"ನೀವು ಬದುಕಿದ್ದೀರಾ?"

"ಅದೇನು ಕೇಳೋ ಮಾತು! ಯಾರಂದ್ರು ಸತ್ತೆ ಅಂತ?"

"ನಿಮ್ಮ ಬೂಟು." ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿಮ್ಮ ಬೂಟು ಇನ್ನೊಬ್ಬರ ಕಾಲಲ್ಲಿ ಬಂತು. ಆ ಗೋಧಿ ಯೊರ್ದಾನ್‌ದಲ್ಲ. ನಿಮ್ಮದು. ನೀವೇ ಯೊರ್ದಾನ್ ಅಂದ್ಕೊಂಡಿದ್ದೆ."

ಅವರು ಲೋಟದೊಳಗೆ ನೋಡಿದರು. ಆಮೇಲೆ ಇನ್ನೊಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಚೆನ್ನಾಗಿ ಬೆಂದಿದೆ," ಎಂದರು. "ಸಕ್ಕರೆ ಒಂಚೂರು ಹೆಚ್ಚಾಯ್ತು. ಆದ್ರೆ ನಂಗೆ ಇಷ್ಟು ಅಕ್ರೋಟು ಹಾಕೋರು ಯಾರೂ ಇಲ್ಲ ಅಂದ್ಕೊಂಡಿದ್ದೆ."

ಸರದಿಯವರು ಗೊಣಗಲು ಶುರುಮಾಡಿದ್ದರಿಂದ ರಾಯ್ನಾ ಬಂದು ಸೌಟು ಕಿತ್ತುಕೊಂಡಳು. ಇಬ್ಬರೂ ಅಂಗಳದ ಕಲ್ಲುಕಟ್ಟೆಗೆ ಹೋದರು. ಅವರು ಕೂರಲು ತುಂಬ ಹೊತ್ತು ತಗೊಂಡರು.

"ಮೊಣಕಾಲು," ಎಂದರು. "ಆಗಸ್ಟಲ್ಲಿ ನಿನ್ನ ಕಿಟಕಿ ಮುಂದೆ ಕೂತೆ, ಮಜ್ಜಿಗೆ ತಗೊಂಡೆ, ಆಮೇಲೆ ಏಳಕ್ಕೇ ಆಗ್ಲಿಲ್ಲ. ನಿಂಗೆ ಗೊತ್ತಾಗ್ಲಿಲ್ಲ. ನೀನು ಫೋನಲ್ಲಿ ಯಾರ ಜೊತೆನೋ ಮಾತಾಡ್ತಿದ್ದೆ. ಇಬ್ರು ಶಾಲೆ ಹುಡ್ಗೀರು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ್ರು, ಮೂಟೆ ಎತ್ತೋ ಹಾಗೆ. ಎತ್ತಿ, ಒಂದು ನಗೂನೂ ನಕ್ರು. ಆಪರೇಷನ್ ಆಯ್ತು. ದಾರ ಕಟ್ಟೋ ಬೂಟು ಇನ್ನು ಯಾಕೆ, ಬಗ್ಗಕ್ಕೆ ಆಗಲ್ವಲ್ಲ. ಚೀಲಕ್ಕೆ ಹಾಕಿ ಇಲ್ಲಿ ಇಟ್ಟುಹೋದೆ."

"ಒಂದು ಮಾತು ಕೂಗಿದ್ರೆ ನಾನೇ ಮೇಲೆ ಬರ್ತಿದ್ದೆ."

"ಕಾಲುದಾರೀಲಿ ನಿಂತು ನೆಲಕ್ಕೆ ಮುಖ ಮಾಡಿ ಅರ್ಧ ಬ್ರೆಡ್ಡು ಅಂತ ಕಿರುಚೋದಾ? ಜನ ಏನಂದಾರು?" ಅವರು ಊರುಗೋಲಿನ ತುದಿಯಿಂದ ಒಣಗಿದೆಲೆಯೊಂದನ್ನು ಚುಚ್ಚಿದರು. "ಈಗ ಆ ದೊಡ್ಡ ರಸ್ತೆ ಆಚೆ ಸೂಪರ್‌ಮಾರ್ಕೆಟ್ಟಿಗೆ ಹೋಗ್ತೀನಿ. ತಳ್ಳುಗಾಡಿ ಹಿಡ್ಕೊಂಡ್ರೆ ನಡೆಯೋದು ಸುಲಭ. ಅಲ್ಲಿ ಯಾರೂ ಮಾತಾಡಲ್ಲ, ಅದೂ ಒಂಥರಾ ಸುಲಭ."

"ಬೆಟ್ಟ?"

"ಏನು ಬೆಟ್ಟ?"

"ವಿತೋಶಾ. ಹೇಗಿದೆ?"

"ಯಾರಿಗೆ ಗೊತ್ತು! ಕಾವಲು ಕೆಲಸ ಬಿಟ್ಟೆ, ಟ್ರಾಮ್ ಹತ್ತೋದು ಇಳಿಯೋದು ಇಲ್ಲ. ಆ ಕಡೆ ಹೋಗೇ ಇಲ್ಲ. ನಿಂಗೆ ಹೇಳ್ಬೇಕಲ್ಲ ಅಂತ ನೋಡ್ತಿದ್ದೆ, ಅಷ್ಟೆ."

ಎದುರುಬದುರು ಕೂತಾಗ ಮಾತು ಎಲ್ಲಿಂದ ಶುರುಮಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಕಿಟಕಿಯಿದ್ದಾಗ ಸಲೀಸಾಗಿತ್ತು.

"ನಾನು ಕುರ್ಚಿ ಹಾಕ್ತೀನಿ," ಎಂದಳು ಗಿನ್ಕಾ. "ಕಿಟಕಿ ಪಕ್ಕ."

"ಕುರ್ಚಿ ಮೇಲೆ ಕೂತ್ರೆ ನಿನ್ನ ಕಿಟಕಿ ನನ್ನ ಹಿಮ್ಮಡಿ ಹತ್ರ ಬರುತ್ತೆ. ಹಿಮ್ಮಡಿ ಜೊತೆ ಮಾತಾಡ್ತೀಯಾ?"

"ಇಷ್ಟು ವರ್ಷ ಅದರ ಜೊತೇನೇ ಮಾತಾಡಿದ್ದು."

ಅವರು ಜೋರಾಗಿ ನಕ್ಕರು. ಏಳುವಾಗ ಅವಳು ಕೈ ಕೊಟ್ಟಳು. ಆ ಕೈ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಬ್ಬೆರಳ ಉಗುರು ಸೀಳಿತ್ತು, ಮೊದಲಿನ ಹಾಗೇ.

"ನನ್ನ ಹೆಸರು ಮೆತೋದಿ. ಇನ್ನೊಂದ್ಸಲ ಗೋಧಿ ಬೇಯಿಸಿದ್ರೆ ತಪ್ಪು ಹೆಸರು ಹೇಳ್ಬೇಡ."

"ನಾನು ಗಿನ್ಕಾ. ಕುರ್ಚಿ ಹಾಕಿರ್ತೀನಿ."

"ಹಾಕಿರು. ನೋಡೋಣ."

'ನೋಡೋಣ' ಎಂದು ಜನ ಯಾವಾಗ ಹೇಳುತ್ತಾರೆ ಎನ್ನುವುದು ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟವಳಿಗೆ ಗೊತ್ತಿಲ್ಲದ್ದೇನಲ್ಲ. ಅವರು ಹೋಗುವುದನ್ನು ನೋಡುತ್ತಾ ನಿಂತಳು. ಕಿಟಕಿಯಿಂದಾದರೆ ಎರಡು ಹೆಜ್ಜೆಗೆ ಎಲ್ಲರೂ ಮಾಯ. ಇಲ್ಲಿ ಅವರು ಬೇಕರಿ ದಾಟಿ, ಔಷಧಿ ಅಂಗಡಿ ದಾಟಿ, ತಿರುವಿನವರೆಗೆ ನಡೆದರು. ಇಡೀ ಬೆನ್ನು ಕಾಣುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಎರಡು ಕುರ್ಚಿಗಳಲ್ಲಿ ಒಂದನ್ನು ಕೆಳಗೆ ತಂದು, ಕಿಟಕಿಯ ಕಂಬಿಗೆ ಸೈಕಲ್ ಸರಪಳಿಯಿಂದ ಕಟ್ಟಿದಳು. ಒಳಗಿಂದ ನೋಡಿದರೆ ಅದರ ನಾಲ್ಕು ಕಾಲು. ಓಡಾಡುವ ಕಾಲುಗಳ ನಡುವೆ ಎಲ್ಲಿಗೂ ಹೋಗದ ನಾಲ್ಕು ಕಾಲು. ಮಂಗಳವಾರ ಯಾರೋ ಅದರ ಮೇಲೆ ಚೀಲ ಇಟ್ಟು ಉಸಿರು ಬಿಟ್ಟು ಹೋದರು. ಬುಧವಾರ ಒಂದು ಬೆಕ್ಕು. ದಿನಾ ಆರೂಕಾಲಿಗೆ ಅವಳು ಅರ್ಧ ಬ್ರೆಡ್ಡು ಕತ್ತರಿಸಿ ಕಾಗದದಲ್ಲಿ ಸುತ್ತಿಡುತ್ತಿದ್ದಳು. ಏಳೂವರೆಗೆ ಅದನ್ನು ತಾನೇ ತಿನ್ನಲು ಎತ್ತಿಟ್ಟುಕೊಳ್ಳುತ್ತಿದ್ದಳು.

"ಏನಕ್ಕ, ರಾಜದರ್ಬಾರು ಶುರುಮಾಡಿದ್ದೀಯಾ?" ಎಂದ ಸ್ಲಾವ್ಚೊ. "ಸಿಂಹಾಸನ ಖಾಲಿ ಇದೆಯಲ್ಲ."

"ನಿನ್ನ ಬಾಯಿಗೆ ಮೊಳೆ ತುಂಬ್ಕೋ."

ಶುಕ್ರವಾರ ಮಧ್ಯಾಹ್ನ ಕುರ್ಚಿ ಕಿರ್ರೆಂದಿತು. ನಾಲ್ಕು ಮರದ ಕಾಲುಗಳ ಮುಂದೆ ಮನುಷ್ಯರ ಎರಡು ಕಾಲು: ದಪ್ಪ ಉಣ್ಣೆಯ ಕಾಲುಚೀಲ, ಊದಿಕೊಂಡ ಗಿಣ್ಣು, ಕಪ್ಪು ಹೆಂಗಸರ ಬೂಟು. ಗಿನ್ಕಾಳಿಗೆ ಗೊತ್ತಿಲ್ಲದ ಕಾಲು. ಅವಳು ಕಿಟಕಿಯ ಹತ್ತಿರ ಬಾಗಿದಳು.

"ಏನು ಬೇಕಮ್ಮಾ?"

"ಏನೂ ಬೇಡ," ಎಂದಿತು ಮೇಲಿನಿಂದ ಒಂದು ವಯಸ್ಸಾದ ದನಿ. "ಸುಮ್ನೆ ಕೂತೆ. ಕೂರಬಹುದಲ್ಲ?"

"ಕೂರಿ, ಕೂರಿ. ಕೂರಕ್ಕೇ ಹಾಕಿರೋದು." ಗಿನ್ಕಾ ಇನ್ನಷ್ಟು ಬಾಗಿದಳು. "ಟ್ರಾಮಲ್ಲಿ ಬಂದ್ರಾ?"

"ಹೂಂ."

"ಬೆಟ್ಟ ಹೇಗಿತ್ತು?"

"ಬೆಟ್ಟನಾ?" ಕಪ್ಪು ಬೂಟುಗಳು ಒಂದಕ್ಕೊಂದು ಸರಿದು ಕೂತವು. "ನೋಡ್ಲಿಲ್ಲವಲ್ಲಮ್ಮಾ. ಯಾರು ನೋಡ್ತಾರೆ?"

ಗಿನ್ಕಾ ಮೇಜಿನ ಕೆಳಗಿನ ಡ್ರಾಯರನ್ನು ಎಳೆದಳು. ಅಂಗಡಿ ತೆರೆದ ವರ್ಷ ಬರೆಸಿದ್ದ, ಇದುವರೆಗೆ ಒಂದು ದಿನವೂ ಹೊರಗೆ ಬಂದಿರದ ರಟ್ಟಿನ ಫಲಕ ತಳದಲ್ಲಿತ್ತು. ಅದರ ಧೂಳನ್ನು ತೋಳಿನಿಂದ ಒರೆಸಿ, 'ಐದು ನಿಮಿಷದಲ್ಲಿ ಬರುತ್ತೇನೆ' ಎನ್ನುವ ಬದಿಯನ್ನು ಹೊರಕ್ಕೆ ಮಾಡಿ ಕಿಟಕಿಗೆ ತೂಗುಹಾಕಿದಳು. ಕೋಟು ತೊಟ್ಟು ಮೆಟ್ಟಿಲು ಹತ್ತಿ, ಟ್ರಾಮ್ ನಿಲ್ಲುವ ಕಡೆಯ ಆ ಸಂದಿಯತ್ತ ನಡೆದಳು.